ಐದು ಜನ ಮೂವತ್ತಾದಾಗ

(ಕಾಸರಗೋಡಿನ ಬದಿಯಡ್ಕದಲ್ಲಿ ಸಣ್ಣ ಉದ್ಯಮ ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು. "ಅಕ್ಕ, ಈಗಿನವರಿಗೆ ಕೆಲಸದಲ್ಲಿ ಮನಸ್ಸೇ ಇಲ್ಲ. ಎಷ್ಟು ಕೊಟ್ಟರೂ ಅಷ್ಟೆ. ಎಂತ ಮಾಡುವುದು?" ಅವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳಿದೆ. ಅದನ್ನೇ ನಿಮಗೂ ಕೇಳುತ್ತೇನೆ. ಆ ಕೆಲಸಗಾರ ಮೊದಲ ದಿನ ಬಂದಾಗ ಹೇಗಿದ್ದ? ಸ್ವಲ್ಪ ನೆನಪು ಮಾಡಿಕೊಳ್ಳಿ. ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದ. ಒಗೆದ ಅಂಗಿ ಹಾಕಿದ್ದ. ಒಂದು ಕೆಲಸ ತೋರಿಸಿದರೆ ಮುಗಿಸಿ, "ಇನ್ನೆಂತ ಮಾಡಲಿ" ಅಂತ ಬಂದು ನಿಂತಿದ್ದ. ಅಲ್ವಾ?

ಹಾಗಾದರೆ ಆ ಹುರುಪು ಎಲ್ಲಿ ಹೋಯಿತು? ಅವನು ಅದನ್ನು ಮನೆಯಲ್ಲಿ ಬಿಟ್ಟು ಬಂದದ್ದಲ್ಲ. ನಮ್ಮ ಶೆಡ್ಡಿನೊಳಗೇ ಎಲ್ಲೋ ಕಳೆದುಹೋಗಿದೆ. ನನ್ನಲ್ಲಿ ಅದು ಹೇಗೆ ಕಳೆದುಹೋಯಿತು, ಅದರಲ್ಲಿ ಎಷ್ಟನ್ನು ಮತ್ತೆ ಹುಡುಕಲಿಕ್ಕಾಯಿತು ಅನ್ನುವುದನ್ನು ಹೇಳಲಿಕ್ಕೆ ಬಂದಿದ್ದೇನೆ.

ನಾನು ಅಡಿಕೆ ಮರದ ಹಾಳೆಯ ತಟ್ಟೆ ಮಾಡಲು ಶುರುಮಾಡಿದ್ದು ಅಡಿಕೆ ಒಣಗಿಸುವ ಅಂಗಳದ ಬದಿಯಲ್ಲಿದ್ದ ಸಣ್ಣ ಶೆಡ್ಡಿನಲ್ಲಿ. ಎರಡು ಪ್ರೆಸ್. ನಾಲ್ಕು ಹೆಂಗಸರು, ಮತ್ತೆ ನಾನು. ಹಾಳೆ ನೆನೆಸುವುದು, ಬ್ರಶ್ ಹಾಕಿ ತೊಳೆಯುವುದು, ನೀರು ಇಳಿಯಲು ನಿಲ್ಲಿಸುವುದು, ಬಿಸಿ ಡೈಗೆ, ಅಂದರೆ ಅಚ್ಚಿಗೆ ಇಟ್ಟು ಒತ್ತುವುದು, ಅಂಚು ಕತ್ತರಿಸುವುದು, ಒಳ್ಳೆಯದು ಕೆಟ್ಟದ್ದು ಆರಿಸಿ ಕಟ್ಟುವುದು. ಎಲ್ಲರೂ ಎಲ್ಲ ಕೆಲಸ ಮಾಡುತ್ತಿದ್ದರು. ಹತ್ತು ಗಂಟೆಗೆ ಚಾ. ಐದೂ ಜನ ಅಂಗಳದ ಕಟ್ಟೆಯಲ್ಲಿ ಕೂತು ಕುಡಿಯುವುದು. ಯಾರ ಮಗುವಿಗೆ ಜ್ವರ, ಯಾರ ಮನೆಯ ಬಾವಿಯಲ್ಲಿ ನೀರು ತಳ ಸೇರಿದೆ, ಯಾರ ತಮ್ಮನಿಗೆ ದುಬೈ ವೀಸಾ ಬಂತು, ಎಲ್ಲ ಆ ಹತ್ತು ನಿಮಿಷದಲ್ಲಿ ನನಗೆ ಗೊತ್ತಾಗುತ್ತಿತ್ತು. ಕೆಲಸದ ಸಂಗತಿಯೂ ಅಲ್ಲೇ ಗೊತ್ತಾಗುತ್ತಿತ್ತು. "ಈ ಸಲದ ಹಾಳೆ ಸರಿ ಇಲ್ಲ ಅಕ್ಕ, ಮಳೆಗೆ ನೆನೆದದ್ದನ್ನು ಒಣಗಿಸಿ ಕೊಟ್ಟಿದ್ದಾರೆ" ಅಂತ ಒಬ್ಬರು ಹೇಳುತ್ತಿದ್ದರು. ನಾನು ಮರುದಿನವೇ ಆ ತೋಟದವರಿಗೆ ಫೋನ್ ಮಾಡುತ್ತಿದ್ದೆ.

ಆಗ ನನ್ನ ಹತ್ತಿರ ಒಂದು ನಿಯಮ ಇರಲಿಲ್ಲ, ಒಂದು ರಿಜಿಸ್ಟರ್ ಇರಲಿಲ್ಲ. ಆದರೂ ಯಾರೂ ಸುಮ್ನೆ ರಜೆ ಹಾಕುತ್ತಿರಲಿಲ್ಲ. ಯಾಕೆ ಅಂತ ನಾನು ಯೋಚಿಸಲೇ ಇಲ್ಲ. ಸರಿಯಾಗಿ ನಡೆಯುವ ಯಂತ್ರವನ್ನು ಯಾರು ಬಿಚ್ಚಿ ನೋಡುತ್ತಾರೆ?

ಮತ್ತೆ ಕೆಲಸ ಜಾಸ್ತಿಯಾಯಿತು. ಮಂಗಳೂರಿನ ಊಟದ ಗುತ್ತಿಗೆಯವರು ಬಂದರು. ದೇವಸ್ಥಾನಗಳ ಬ್ರಹ್ಮಕಲಶಗಳಿಗೆ ಸಾವಿರಗಟ್ಟಲೆ ತಟ್ಟೆ ಕೇಳಿದರು. ಎರಡನೇ ಶೆಡ್ಡು ಹಾಕಿದೆ. ಹೈಡ್ರಾಲಿಕ್ ಪ್ರೆಸ್ ತಂದೆ. ಐದು ಜನ ಹನ್ನೆರಡಾದರು, ಹನ್ನೆರಡು ಜನ ಮೂವತ್ತಾದರು. ನನಗೆ ಹತ್ತು ಗಂಟೆಯ ಚಾಕ್ಕೆ ಕೂರಲು ಸಮಯ ಸಿಗುತ್ತಿರಲಿಲ್ಲ. ಬ್ಯಾಂಕಿಗೆ ಹೋಗಬೇಕು, ಲಾರಿಯವರ ಹತ್ತಿರ ಮಾತಾಡಬೇಕು, ಜಿಎಸ್‌ಟಿ ಲೆಕ್ಕ ನೋಡಬೇಕು. ಶೆಡ್ಡು ನೋಡಿಕೊಳ್ಳಲು ನನ್ನ ಅಣ್ಣನ ಮಗನನ್ನು ನಿಲ್ಲಿಸಿದೆ. ಒಳ್ಳೆಯ ಹುಡುಗ. ಅವನಿಗೆ ನಾನು ಹೇಳಿದ್ದು ಒಂದೇ ಮಾತು. "ದಿನಕ್ಕೆ ಇಷ್ಟು ತಟ್ಟೆ ಆಗಬೇಕು."

ಮೊದಲು ಬಂದ ನಾಲ್ವರಲ್ಲಿ ಒಬ್ಬರನ್ನು ನಾವೆಲ್ಲ ದೊಡ್ಡಕ್ಕ ಅಂತ ಕರೆಯುವುದು. ಎಂಟು ವರ್ಷ ನನ್ನ ಜೊತೆ ಇದ್ದವರು. ಒಂದು ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ. ಬೇರೆ ಕಡೆ ಸೇರಿದ್ದಾರೆ ಅಂತ ಬುಧವಾರ ತಿಳಿಯಿತು. ಅಲ್ಲಿ ಸಂಬಳ ಜಾಸ್ತಿಯೇನಲ್ಲ. ಬಸ್ಸಿಗೆ ಬೇರೆ ಖರ್ಚು. ಸಂಜೆ ನಾನು ಅವರ ಮನೆಗೆ ಹೋದೆ. ಚಾ ಕೊಟ್ಟರು. ತುಂಬ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ ಹೇಳಿದರು. "ಅಕ್ಕ, ಬೂಸ್ಟು ಬಂದ ಹಾಳೆಯನ್ನು ನಾನು ಬದಿಗೆ ಇಡ್ತಿದ್ದೆ. ನಿಮ್ಮ ಹುಡುಗ ಬಂದು, ನಿಮ್ಮ ಲೆಕ್ಕ ದಿನಾ ಕಮ್ಮಿ ಬರ್ತದೆ, ಕೈ ನಿಧಾನ ಅಂತ ಎಲ್ಲರ ಎದುರು ಹೇಳಿದ. ಬೂಸ್ಟು ಬಂದದ್ದನ್ನು ಒತ್ತಿ ಕಟ್ಟಿಗೆ ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ. ಆ ತಟ್ಟೆಯಲ್ಲಿ ಯಾರಾದ್ರೂ ಊಟ ಮಾಡ್ಬೇಕಲ್ಲ?"

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಅವರಿಗೆ ಕೆಲಸದಲ್ಲಿ ಮನಸ್ಸು ಇಲ್ಲದೆ ಹೋದದ್ದಲ್ಲ. ಮನಸ್ಸು ಇದ್ದದ್ದಕ್ಕೇ ಹೋದದ್ದು. ನಾನು ಇಟ್ಟ ಲೆಕ್ಕದ ಪುಸ್ತಕದಲ್ಲಿ ಒತ್ತಿದ ತಟ್ಟೆಗೆ ಜಾಗ ಇತ್ತು, ಬದಿಗಿಟ್ಟ ಹಾಳೆಗೆ ಜಾಗ ಇರಲಿಲ್ಲ. ಐದು ಜನ ಇದ್ದಾಗ ಅವರು ಬದಿಗಿಡುವುದನ್ನು ನಾನು ಕಣ್ಣಿನಿಂದ ನೋಡುತ್ತಿದ್ದೆ. "ಒಳ್ಳೇದು ಮಾಡಿದಿರಿ" ಅನ್ನುತ್ತಿದ್ದೆ. ಮೂವತ್ತು ಜನ ಆದಾಗ ನೋಡುವವರು ಯಾರೂ ಇರಲಿಲ್ಲ. ಒಳ್ಳೆಯ ಕೆಲಸ ಯಾರ ಕಣ್ಣಿಗೂ ಬೀಳದಿದ್ದರೆ, ಅದನ್ನು ಮಾಡುವವರು ಸ್ವಲ್ಪ ದಿನ ಮಾಡುತ್ತಾರೆ. ಆಮೇಲೆ ಒಂದೋ ಬಿಡುತ್ತಾರೆ, ಇಲ್ಲ ಬೇರೆ ಕಡೆ ಹೋಗುತ್ತಾರೆ. ಬೆಳೆಯುವ ಸಣ್ಣ ಉದ್ಯಮದ ದೊಡ್ಡ ಕಷ್ಟ ಇದೇ ಅಂತ ನಾನು ನಂಬಿದ್ದೇನೆ. ಮೊದಲು ನಮ್ಮ ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಯಾರು, ಹೇಗೆ ಮಾಡಬೇಕು?

ಅದಕ್ಕೆ ಬರುವ ಮೊದಲು ಹಣದ ಮಾತು ಮುಗಿಸಿಬಿಡುತ್ತೇನೆ. ಹಣದ ವಿಷಯ ಸರಿ ಇಲ್ಲದೆ ಉಳಿದದ್ದನ್ನೆಲ್ಲ ಹೇಳಿದರೆ ಅದು ಬರೀ ಬಾಯಿಮಾತು.

1950ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು ಸುಮಾರು 200 ಎಂಜಿನಿಯರ್‌ಗಳು ಮತ್ತು ಲೆಕ್ಕಿಗರನ್ನು ಕೂರಿಸಿ ಕೇಳಿದರು. ಕೆಲಸದಲ್ಲಿ ನಿಮಗೆ ತುಂಬ ಖುಷಿಯಾದದ್ದು ಯಾವಾಗ, ತುಂಬ ಬೇಜಾರಾದದ್ದು ಯಾವಾಗ ಅಂತ. ಎರಡಕ್ಕೂ ಬಂದ ಉತ್ತರಗಳು ಬೇರೆ ಬೇರೆ. ಬೇಜಾರು ಬಂದದ್ದು ಸಂಬಳ, ಮೇಲಿನವರ ನಡತೆ, ಕಂಪನಿಯ ನಿಯಮ ಇಂಥದ್ದರಿಂದ. ಖುಷಿ ಬಂದದ್ದು ಕೆಲಸದಿಂದ, ಏನೋ ಸಾಧಿಸಿದ್ದರಿಂದ, ಅದನ್ನು ಯಾರೋ ಗುರುತಿಸಿದ್ದರಿಂದ, ಜವಾಬ್ದಾರಿ ಸಿಕ್ಕಿದ್ದರಿಂದ. ಅವರು ಹೇಳಿದ್ದನ್ನೆಲ್ಲ ಆಮೇಲಿನವರು ಒಪ್ಪಲಿಲ್ಲ, ಅದು ಬೇರೆ. ಆದರೆ ನನ್ನ ಶೆಡ್ಡಿನಲ್ಲಿ ನಾನು ಕಂಡದ್ದಕ್ಕೆ ಇದು ಹತ್ತಿರ ಇದೆ. ಸಂಬಳ ತಡವಾದರೆ ಹುರುಪು ಸಾಯುತ್ತದೆ. ಆದರೆ ಸಂಬಳ ಸರಿಯಾದ ದಿನಕ್ಕೆ ಬಂತು ಅಂತ ಯಾರೂ ಕುಣಿಯುವುದಿಲ್ಲ. ಗಂಜಿಗೆ ಉಪ್ಪಿದ್ದ ಹಾಗೆ. ಇದ್ದರೆ ಯಾರೂ ಹೇಳುವುದಿಲ್ಲ, ಇಲ್ಲದಿದ್ದರೆ ಬಟ್ಟಲನ್ನೇ ದೂಡುತ್ತಾರೆ.

ಹಾಗಾಗಿ ಸಂಬಳದ ದಿನ ಒಂದೇ ಇರಲಿ. ಗಿರಾಕಿಯಿಂದ ಹಣ ಬಂದಿರಲಿ, ಬಾರದಿರಲಿ. ಎರಡು ತಿಂಗಳ ಸಂಬಳವನ್ನು ನಾನು ಬೇರೆ ಖಾತೆಯಲ್ಲಿ ಇಡುತ್ತೇನೆ. ಹೊಸ ಯಂತ್ರ ಬೇಕು ಅನ್ನಿಸಿದರೂ ಅದನ್ನು ಮುಟ್ಟುವುದಿಲ್ಲ.

ಇನ್ನೊಂದು, ಇಲ್ಲಿ ಕೂತವರಲ್ಲಿ ಕೆಲವರಿಗೆ ಇಷ್ಟವಾಗದ ಮಾತು. ಹತ್ತು ಜನ ಆದರೆ ಇಎಸ್‌ಐ, ಅಂದರೆ ಕೆಲಸಗಾರರ ವಿಮೆ ಬರುತ್ತದೆ, ಇಪ್ಪತ್ತಾದರೆ ಪಿಎಫ್, ಅಂದರೆ ಭವಿಷ್ಯ ನಿಧಿ ಬರುತ್ತದೆ ಅಂತ ಒಂಬತ್ತರಲ್ಲಿ, ಹತ್ತೊಂಬತ್ತರಲ್ಲಿ ನಿಲ್ಲುವವರು ಇದ್ದಾರೆ. ಹೆಸರು ಬರೆಯದೆ ಕೆಲಸ ಮಾಡಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 12,000 ರೂಪಾಯಿ ಸಂಬಳ ಇದ್ದರೆ ಇಎಸ್‌ಐಗೆ ಕೆಲಸಗಾರರಿಂದ ಹೋಗುವುದು 0.75 ಶೇಕಡ, ಅಂದರೆ 90 ರೂಪಾಯಿ. ನಮ್ಮಿಂದ 3.25 ಶೇಕಡ, 390 ರೂಪಾಯಿ. ಅಷ್ಟಕ್ಕೆ ಅವರಿಗೂ ಮನೆಯವರಿಗೂ ಚಿಕಿತ್ಸೆ, ಕಾಯಿಲೆ ಬಿದ್ದ ದಿನಕ್ಕೆ ಸಂಬಳದ ಒಂದು ಪಾಲು, ಹೆರಿಗೆಯ ಸೌಲಭ್ಯ. ನಮ್ಮ ಹುಡುಗಿಯೊಬ್ಬಳ ಹೆರಿಗೆಯ ಕಾಲದಲ್ಲಿ ಅವಳ ಖಾತೆಗೆ ಹಣ ಬಂದದ್ದನ್ನು ಶೆಡ್ಡಿನಲ್ಲಿ ಎಲ್ಲರೂ ನೋಡಿದರು. ಸಂಬಳದಿಂದ ಯಾಕೆ ಕಡಿತ ಅಂತ ಆಮೇಲೆ ಯಾರೂ ಕೇಳಲಿಲ್ಲ.

ಬೋನಸ್ಸೂ ಹಾಗೆಯೇ. ಕಾನೂನಿನ ಕನಿಷ್ಠ 8.33 ಶೇಕಡ ಅಂದರೆ ವರ್ಷದ ಸಂಬಳದ ಹನ್ನೆರಡನೇ ಒಂದು ಪಾಲು. ಸರಿಸುಮಾರು ಒಂದು ತಿಂಗಳ ಸಂಬಳ. ಲೆಕ್ಕದ ವರ್ಷ ಮುಗಿದು ಎಂಟು ತಿಂಗಳೊಳಗೆ ಕೊಡಬೇಕು. ನಮ್ಮ ಕೇರಳದಲ್ಲಿ ಓಣಂ ಹೊತ್ತಿಗೆ ಕೊಡುವ ರೂಢಿ. ನಾನೂ ಹಾಗೇ ಕೊಡುತ್ತಿದ್ದೆ. ಒಂದು ವರ್ಷ ಒಬ್ಬರು ಮೆಲ್ಲನೆ ಹೇಳಿದರು. "ಅಕ್ಕ, ನಮಗೆ ಓಣಂಗೆ ಅಂಥ ಖರ್ಚಿಲ್ಲ, ದೀಪಾವಳಿಗೆ ಸಿಕ್ಕಿದ್ರೆ ಒಳ್ಳೇದಿತ್ತು." ನೋಡಿ, ಈ ನೆಲದಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಮಾತಾಡುವವರಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಹಬ್ಬ ದೊಡ್ಡದು. ಈಗ ನಾನು ಜುಲೈಯಲ್ಲೇ ಒಂದು ಕಾಗದ ಕಳಿಸುತ್ತೇನೆ. ಓಣಂಗೋ ದೀಪಾವಳಿಗೋ ಅಂತ ಅವರವರೇ ಗುರುತು ಹಾಕುತ್ತಾರೆ. ಎರಡೂ ಎಂಟು ತಿಂಗಳೊಳಗೇ ಬರುತ್ತವೆ. ಪೆರ್ನಾಲಿಗೆ (ಈದ್‌ಗೆ), ಕ್ರಿಸ್‌ಮಸ್ಸಿಗೆ ಹಣ ಬೇಕಾದವರಿಗೆ ಮುಂಗಡ. ನನಗೆ ಒಂದು ಪೈಸೆ ಜಾಸ್ತಿ ಖರ್ಚಾಗಲಿಲ್ಲ. ಆದರೆ "ನನ್ನ ಹಬ್ಬ ಯಾವುದು ಅಂತ ಇವರಿಗೆ ಗೊತ್ತುಂಟು" ಅಂತ ಪ್ರತಿಯೊಬ್ಬರಿಗೂ ಅನ್ನಿಸಿತು.

ಇಲ್ಲಿ ಸ್ಟೂಲಿನ ಮಾತು ಹೇಳಬೇಕು. ಪ್ರೆಸ್ಸಿನ ಹತ್ತಿರ ದಿನವಿಡೀ ನಿಂತೇ ಕೆಲಸ. ಅದು ಹಾಗೆಯೇ ಅಂತ ನಾನೂ ಅಂದುಕೊಂಡಿದ್ದೆ. ನಿಮಗೆ ನೆನಪಿರಬಹುದು, ಕೋಝಿಕ್ಕೋಡಿನ ಮಿಠಾಯಿ ತೆರುವಿನ ಬಟ್ಟೆ ಅಂಗಡಿಗಳ ಹೆಂಗಸರು ಹೋರಾಟ ಮಾಡಿದ್ದು. ಬೆಳಗಿನಿಂದ ರಾತ್ರಿವರೆಗೆ ನಿಂತೇ ಇರಬೇಕು, ಗಿರಾಕಿ ಇಲ್ಲದಾಗಲೂ ಗೋಡೆಗೆ ಒರಗುವಂತಿಲ್ಲ. ಅವರ ಹೋರಾಟ ಶುರುವಾದದ್ದು ಶೌಚಾಲಯ ಬೇಕು ಅಂತ. ಆಮೇಲೆ ಕೂರುವ ಹಕ್ಕು ಬೇಕು ಅಂತ ಕೇಳಿದರು. 2018ರಲ್ಲಿ ಕೇರಳ ಅಂಗಡಿಗಳ ಕಾನೂನಿಗೆ ತಿದ್ದುಪಡಿ ತಂದಿತು. 2021ರಲ್ಲಿ ತಮಿಳುನಾಡೂ ತಂದಿತು. ಕೂರಲು ಒಂದು ಕುರ್ಚಿ ಸಿಗಲಿಕ್ಕೆ ವರ್ಷಗಟ್ಟಲೆ ಹೋರಾಡಬೇಕಾಯಿತು ಅಂತ ಯೋಚಿಸಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಸುದ್ದಿ ಓದಿದ ದಿನ ನಾನು ನಮ್ಮ ಶೆಡ್ಡಿಗೆ ಹೋಗಿ ನೋಡಿದೆ. ಮೂವತ್ತು ಜನ, ಕೂರಲು ಇದ್ದದ್ದು ಎರಡು ಮುರುಕು ಬೆಂಚು. ಎತ್ತರದ ಸ್ಟೂಲು ಮಾಡಿಸಿದೆವು. ಡೈ ಬಿಸಿಯಾಗಿ ತಟ್ಟೆ ಕೂರುವಷ್ಟು ಹೊತ್ತು ಅವರೂ ಕೂರಬಹುದು. ಕೆಲಸ ನಿಧಾನವಾಗುತ್ತದೆ ಅಂತ ಅಣ್ಣನ ಮಗ ಹೆದರಿದ್ದ. ಆಗಲಿಲ್ಲ. ಮಧ್ಯಾಹ್ನ ಮೂರರ ಮೇಲೆ ಹಾಳಾಗುತ್ತಿದ್ದ ತಟ್ಟೆಗಳು ಕಡಿಮೆಯಾದವು. ಕಾಲು ನೋಯುವವರ ಕೈ ಎಷ್ಟು ಹೊತ್ತು ಸರಿಯಾಗಿ ನಡೆದೀತು?

ಈಗ ನನಗೆ ತುಂಬ ಇಷ್ಟವಾದ ಭಾಗ. ನಾವು ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆಯ ಪಕ್ಕದವರು. ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಜಾಗ ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ನನ್ನ ಅಜ್ಜ ನನ್ನನ್ನು ರಾತ್ರಿ ಆಟಕ್ಕೆ ಕರೆದುಕೊಂಡು ಹೋಗುವಾಗ ಮೊದಲು ಚೌಕಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಯಾರು ಎಲ್ಲಿ ಕೂರಬೇಕು ಅಂತ ಕ್ರಮ ಇದೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಕೋಡಂಗಿ. ಹೆಜ್ಜೆ ಕೂತ ಮೇಲೆ ಬಾಲಗೋಪಾಲ. ಆಮೇಲೆ ಸ್ತ್ರೀವೇಷ, ಪುಂಡುವೇಷ, ಮುಂದೆ ಕಿರೀಟ ವೇಷ, ಬಣ್ಣದ ವೇಷ, ಅವನವನ ಸ್ವರ, ಆಳ್ತನಕ್ಕೆ ಹೊಂದುವ ಹಾಗೆ. ಕೋಡಂಗಿ ಕುಣಿಯುವ ಹುಡುಗ ನಿದ್ದೆಗೆಟ್ಟು ಬೆಳಗಿನ ಜಾವದವರೆಗೆ ಯಾಕೆ ಕಣ್ಣುಬಿಟ್ಟು ಕೂರುತ್ತಾನೆ? ತನ್ನ ಮುಂದಿನ ವೇಷ ಯಾವುದು ಅಂತ ಅವನಿಗೆ ಕಾಣಿಸುತ್ತದೆ. ಅದು ಅದೇ ಚೌಕಿಯಲ್ಲಿ, ನಾಲ್ಕು ಮಾರು ದೂರದಲ್ಲಿ ಬಣ್ಣ ಹಚ್ಚಿಕೊಂಡು ಕೂತಿದೆ.

ನಮ್ಮಲ್ಲಿ ಹಾಳೆ ತೊಳೆಯಲು ಸೇರಿದವರು ನಾಲ್ಕು ವರ್ಷ ಹಾಳೆ ತೊಳೆಯುತ್ತಿದ್ದರು. ಮುಂದೆ ಏನು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸೂಪರ್‌ವೈಸರ್ ಆಗುವುದು ಮನೆಯವರೇ ಅಂತ ಎಲ್ಲರಿಗೂ ಗೊತ್ತಿತ್ತು. ಮನೆಯವರೇ ನಡೆಸುವ ಉದ್ಯಮಗಳಲ್ಲಿ ಇದು ದೊಡ್ಡ ಗೋಡೆ. ನಾವು ಬಾಯಿಬಿಟ್ಟು ಹೇಳುವುದಿಲ್ಲ, ಅವರು ಬಾಯಿಬಿಟ್ಟು ಕೇಳುವುದಿಲ್ಲ.

ನಾವು ಮೆಟ್ಟಿಲು ಮಾಡಿದೆವು. ತೊಳೆಯುವುದು, ಅಂಚು ಕತ್ತರಿಸುವುದು, ಪ್ರೆಸ್, ಆರಿಸುವುದು, ಆಮೇಲೆ ಹಾಳೆ ಖರೀದಿ ಅಥವಾ ಮಾಲು ಕಳಿಸುವ ಲೆಕ್ಕ. ಪ್ರತಿ ಮೆಟ್ಟಿಲಿಗೂ ಸಂಬಳದಲ್ಲಿ ವ್ಯತ್ಯಾಸ. ಎಷ್ಟು ತಿಂಗಳಲ್ಲಿ ಏನು ಕಲಿತರೆ ಮೇಲೆ ಹೋಗಬಹುದು ಅನ್ನುವುದನ್ನು ಗೋಡೆಗೆ ಬರೆದು ಅಂಟಿಸಿದೆವು. ಆರಿಸುವ ಕೆಲಸವನ್ನು ಬೇಕೆಂದೇ ಪ್ರೆಸ್ಸಿಗಿಂತ ಮೇಲೆ ಇಟ್ಟೆ. ದೊಡ್ಡಕ್ಕ ಹೇಳಿದ ಮಾತು ಮನಸ್ಸಿನಲ್ಲಿತ್ತು. ಕೆಟ್ಟದ್ದನ್ನು ಬದಿಗಿಡುವವರಿಗೆ ಹೆಚ್ಚು ಸಂಬಳ ಅಂದರೆ ಇಲ್ಲಿ ಯಾವುದಕ್ಕೆ ಬೆಲೆ ಅಂತ ಬೇರೆ ಹೇಳಬೇಕಾಗಿಲ್ಲ.

ಆದರೆ ಅಲ್ಲಿ ಒಂದು ತಪ್ಪಾಯಿತು. ಅದನ್ನೂ ಹೇಳುತ್ತೇನೆ, ನೀವು ಮಾಡಬಾರದು ಅಂತ. ಪ್ರೆಸ್ಸಿನಲ್ಲಿ ಎಲ್ಲರಿಗಿಂತ ಕೈ ಚುರುಕಾಗಿದ್ದವನನ್ನು ಬಹುಮಾನ ಅಂತ ಸೂಪರ್‌ವೈಸರ್ ಮಾಡಿದೆ. ಅವನಿಗೆ ಬೇರೆಯವರಿಗೆ ಹೇಳಿಕೊಡುವ ತಾಳ್ಮೆ ಇರಲಿಲ್ಲ. ಯಾರಾದರೂ ನಿಧಾನ ಮಾಡಿದರೆ ತಾನೇ ಹೋಗಿ ಒತ್ತಿಬಿಡುತ್ತಿದ್ದ. ಆರು ತಿಂಗಳಲ್ಲಿ ನನ್ನ ಒಳ್ಳೆಯ ಪ್ರೆಸ್ಸಿನವನೂ ಹೋದ, ಒಳ್ಳೆಯ ಸೂಪರ್‌ವೈಸರೂ ಸಿಗಲಿಲ್ಲ. ಬಣ್ಣದ ವೇಷದವರನ್ನು ಯಾರಾದರೂ ಬಹುಮಾನ ಅಂತ ಭಾಗವತರ ಜಾಗದಲ್ಲಿ ಕೂರಿಸುತ್ತಾರಾ? ಭಾಗವತಿಕೆಯೇ ಬೇರೆ ವಿದ್ಯೆ. ಕುಣಿಯುವವರ ಶಕ್ತಿ ನೋಡಿಕೊಂಡು ಪದ ಎತ್ತಬೇಕು, ಇಳಿಸಬೇಕು. ಈಗ ನಮ್ಮಲ್ಲಿ ಎರಡು ದಾರಿ ಇದೆ. ಕೈಯ ಕೆಲಸದಲ್ಲೇ ಮೇಲೆ ಹೋಗುವವರು ಒಂದು ಕಡೆ, ಜನರನ್ನು ನೋಡಿಕೊಳ್ಳುವವರು ಒಂದು ಕಡೆ. ಎರಡಕ್ಕೂ ಸಂಬಳ ಸಮ.

ಮೆಟ್ಟಿಲಿನ ಮಾತು ಬಂದಾಗ ಇಂಡಿಯನ್ ಕಾಫಿ ಹೌಸಿನ ನೆನಪಾಗುತ್ತದೆ. 1957ರ ಹೊತ್ತಿಗೆ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರೇ ಸೇರಿ ಸಹಕಾರ ಸಂಘ ಕಟ್ಟಿದರು. ಅವರ ಬೆನ್ನಿಗೆ ನಿಂತವರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್. ಅದೇ 1957ರಲ್ಲಿ ನಮ್ಮ ಕಾಸರಗೋಡಿನಿಂದ ಲೋಕಸಭೆಗೆ ಹೋದವರು. ಟೇಬಲ್ ಒರೆಸುವ ಕೆಲಸಕ್ಕೆ ಸೇರಿದವರು ಮ್ಯಾನೇಜರ್ ಆಗುವವರೆಗೆ ಅಲ್ಲಿ ದಾರಿ ಇದೆ. ರಾಜಕೀಯ ನಿಮ್ಮದು ಯಾವುದೇ ಇರಲಿ, ಕೆಳಗಿನಿಂದ ಮೇಲಿನವರೆಗೆ ಏಣಿ ಇರುವ ಮನೆ ಎಷ್ಟು ವರ್ಷ ನಿಲ್ಲುತ್ತದೆ ಅಂತ ನೋಡಿ.

ನಮ್ಮಲ್ಲಿ ಈಗ ಒಡಿಶಾ, ಅಸ್ಸಾಂ ಕಡೆಯ ಹುಡುಗರೂ ಇದ್ದಾರೆ. ಕೇರಳ ಸರ್ಕಾರ ಅವರನ್ನು ಅತಿಥಿ ಕಾರ್ಮಿಕರು ಅನ್ನುತ್ತದೆ. ಒಳ್ಳೆಯ ಹೆಸರು. ಆದರೆ ಗೋಡೆಗೆ ಅಂಟಿಸಿದ ನಮ್ಮ ಮೆಟ್ಟಿಲಿನ ಹಾಳೆ ಕನ್ನಡದಲ್ಲೂ ಮಲಯಾಳದಲ್ಲೂ ಮಾತ್ರ ಇತ್ತು. ಅವರಿಗೆ ಅದು ಬರೀ ಚಿತ್ರ. ಒಂದು ದಿನ ಒಡಿಶಾದ ಒಬ್ಬ ಹುಡುಗ ಮೊಬೈಲಿನಲ್ಲಿ ಅದರ ಫೋಟೋ ತೆಗೆಯುತ್ತಿದ್ದ. ಯಾಕೆ ಅಂತ ಕೇಳಿದೆ. ಊರಿನಲ್ಲಿ ಓದು ಬಲ್ಲ ತಂಗಿಗೆ ಕಳಿಸಿ, ಮೊಬೈಲಿನಲ್ಲೇ ಭಾಷಾಂತರ ಮಾಡಿಸಿ, ಅವಳಿಂದ ಓದಿಸಿಕೊಳ್ಳಲು! ಎಷ್ಟು ಆಸೆ ಇದ್ದಿರಬೇಕು ಅವನಿಗೆ ಮೇಲೆ ಹೋಗಲಿಕ್ಕೆ. ಅವತ್ತೇ ಒಡಿಯಾ, ಹಿಂದಿ, ಅಸ್ಸಾಮಿಯಲ್ಲೂ ಬರೆಸಿದೆ.

ಅದೇ ಹುಡುಗ ಆಮೇಲೆ ಒಂದು ಉಪಾಯ ಹೇಳಿದ. ತೊಳೆದ ಹಾಳೆಗಳನ್ನು ನಾವು ಗೋಡೆಗೆ ಒರಗಿಸುತ್ತಿದ್ದೆವು. ಕೆಳಗಿನ ತುದಿಯಲ್ಲಿ ನೀರು ನಿಂತು ಅಲ್ಲಿಂದಲೇ ಬೂಸ್ಟು ಶುರುವಾಗುತ್ತಿತ್ತು. ಸೀಳಿದ ಅಡಿಕೆ ಸಲಾಕೆಯ ಹಂದರ ಮಾಡಿ ಹಾಳೆಯನ್ನು ತಲೆಕೆಳಗಾಗಿ ತೂಗುಹಾಕಿದರೆ ನೀರು ಬೇಗ ಇಳಿಯುತ್ತದೆ ಅಂತ ಕೈಸನ್ನೆಯಲ್ಲಿ ತೋರಿಸಿದ. ಮಾಡಿಸಿದೆವು. ಸರಿಯಾಯಿತು. ಆ ಹಂದರಕ್ಕೆ ಎಲ್ಲರೂ ಈಗ ಅವನ ಊರಿನ ಹೆಸರು ಹಿಡಿದೇ ಕರೆಯುತ್ತಾರೆ. ಸಲಹೆ ಪೆಟ್ಟಿಗೆ ಇಟ್ಟಿದ್ದೇವೆ, ಯಾರೂ ಏನೂ ಹಾಕುವುದಿಲ್ಲ ಅಂತ ಹೇಳುವವರಿದ್ದಾರೆ. ಮೊದಲು ಹಾಕಿದವರಿಗೆ ನೀವು ಉತ್ತರ ಕೊಟ್ಟಿದ್ದೀರಾ? ಆಗುವುದಿಲ್ಲ ಅಂತಲಾದರೂ, ಯಾಕೆ ಆಗುವುದಿಲ್ಲ ಅಂತ ಅವರ ಹತ್ತಿರ ಹೋಗಿ ಹೇಳಿದ್ದೀರಾ? ನಮ್ಮಲ್ಲಿ ಶನಿವಾರದೊಳಗೆ ಉತ್ತರ. ಅದು ಸೂಪರ್‌ವೈಸರನ ಕೆಲಸದಲ್ಲೇ ಸೇರಿದೆ.

ಒಂದೇ ನಮೂನೆಯ ಕೆಲಸದ ಬೇಸರಕ್ಕೆ ಏನು ಮಾಡುವುದು ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ನಮ್ಮ ಪಕ್ಕದ ಕಣ್ಣೂರು ಕಡೆಯ ಬೀಡಿ ಕೆಲಸಗಾರರದ್ದು ಒಂದು ಚಂದದ ಪದ್ಧತಿ ಇತ್ತು. ಒಬ್ಬ ಕೂತು ಗಟ್ಟಿಯಾಗಿ ಪತ್ರಿಕೆ ಓದುವುದು. ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು. ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ಕಟ್ಟಿಕೊಡುವುದು. 1969ರಲ್ಲಿ ಶುರುವಾದ ದಿನೇಶ್ ಬೀಡಿ ಸಹಕಾರ ಸಂಘದಲ್ಲೂ ಅದು ನಡೆಯಿತು. ಕೈ ಒಂದು ಕೆಲಸ ಮಾಡುತ್ತಿದ್ದರೂ ತಲೆಗೆ ಬೇರೆ ಊಟ ಬೇಕು ಅಂತ ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಪ್ರೆಸ್ಸಿನ ಸದ್ದಿಗೆ ಓದುವುದು ಕೇಳಿಸುವುದಿಲ್ಲ. ಕತ್ತರಿಸುವ, ಕಟ್ಟುವ ಕಡೆ ರೇಡಿಯೋ ಇದೆ. ದಿನಕ್ಕೊಬ್ಬರ ಆಯ್ಕೆ. ಎರಡು ಗಂಟೆಗೊಮ್ಮೆ ಕೆಲಸ ಬದಲಿಸಿಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಉಪಾಯ ನನಗೆ ಹೊಳೆದಿಲ್ಲ.

ಇನ್ನು ಕೆಟ್ಟ ಸುದ್ದಿ ಹೇಳುವ ಬಗೆ. 2020ರ ಮಾರ್ಚ್‌ನಲ್ಲಿ ಎಲ್ಲ ಮುಚ್ಚಿದಾಗ ನಮಗೆ ಎರಡು ಪೆಟ್ಟು. ಒಂದು ಲಾಕ್‌ಡೌನ್. ಇನ್ನೊಂದು ಕರ್ನಾಟಕದ ಗಡಿ. ತಲಪಾಡಿ ಬಂದ್ ಆಯಿತು, ಒಳದಾರಿಗಳಿಗೆ ಮಣ್ಣು ಬಿತ್ತು. ನಮ್ಮ ಗಿರಾಕಿಗಳೆಲ್ಲ ಆಚೆ, ಮಾಲು ಈಚೆ. ಮದುವೆ, ಬ್ರಹ್ಮಕಲಶದ ಕಾಲ ಪೂರ್ತಿ ಹೋಯಿತು. ಆಗ ನಾನು ಕೆಲಸದವರಿಗೆ ಏನೂ ಹೇಳಲಿಲ್ಲ. ಹೆದರುತ್ತಾರೆ ಅಂತ. "ಎಲ್ಲ ಸರಿಯಾಗ್ತದೆ" ಅಂದೆ. ಎರಡು ವಾರದಲ್ಲಿ ಶೆಡ್ಡು ಮಾರುತ್ತಾರೆ ಅಂತ ಸುದ್ದಿ ಹಬ್ಬಿತು. ಮೂರು ಜನ ಬೇರೆ ದಾರಿ ನೋಡಿಕೊಂಡರು. ನಾನು ಹೇಳದೆ ಬಿಟ್ಟ ಜಾಗದಲ್ಲಿ ಅವರ ಹೆದರಿಕೆ ಬಂದು ಕೂತಿತು.

2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅಡಿಕೆ ಹಾಳೆಯ ತಟ್ಟೆಗಳ ಆಮದಿಗೆ ತಡೆ ಬಿತ್ತು. ಅಡಿಕೆಯಲ್ಲಿರುವ ಅಂಶಗಳು ಆಹಾರಕ್ಕೆ ಸೇರಬಹುದು ಅನ್ನುವ ಕಾರಣಕ್ಕೆ. ನಮ್ಮ ಮಾಲಿನ ಮೂರನೇ ಒಂದು ಪಾಲು ರಫ್ತುದಾರರೊಬ್ಬರ ಮೂಲಕ ಅಲ್ಲಿಗೇ ಹೋಗುತ್ತಿತ್ತು. ಈ ಸಲ ನಾನು ಸುದ್ದಿ ತಿಳಿದ ಮರುದಿನವೇ ಎಲ್ಲರನ್ನೂ ಅಂಗಳಕ್ಕೆ ಕರೆದೆ. ಎಷ್ಟು ಆರ್ಡರ್ ಹೋಯಿತು, ಎಷ್ಟು ಮಾಲು ಬಾಕಿ ಇದೆ, ಸಂಬಳದ ಖಾತೆಯಲ್ಲಿ ಎಷ್ಟಿದೆ, ಎಷ್ಟು ವಾರ ತಡೆಯಬಹುದು, ಎಲ್ಲ ಹೇಳಿದೆ. ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ಲೆಕ್ಕ ಅವರಿಗೆ ಅರ್ಥವಾಗಲಿಕ್ಕಿಲ್ಲ ಅಂತ ಅಣ್ಣನ ಮಗನಿಗೆ ಅನುಮಾನ ಇತ್ತು. ನಮ್ಮಲ್ಲಿರುವ ಹೆಂಗಸರಲ್ಲಿ ಹೆಚ್ಚಿನವರು ಕುಟುಂಬಶ್ರೀ ಹೆಂಗಸರ ಸಂಘದವರು. 1998ರಿಂದ ಈ ರಾಜ್ಯದ ಹೆಂಗಸರು ವಾರ ವಾರ ಕೂತು ಉಳಿತಾಯ ಬರೆಯುತ್ತಾರೆ, ಸಾಲ ಕೊಡುತ್ತಾರೆ, ವಸೂಲು ಮಾಡುತ್ತಾರೆ. ಅವರಿಗೆ ನನ್ನ ಲೆಕ್ಕ ಅರ್ಥವಾಗುವುದಿಲ್ಲವೇ? ಹತ್ತು ನಿಮಿಷದಲ್ಲಿ ಒಬ್ಬರು ಎದ್ದು ಕೇಳಿದರು. "ಅಕ್ಕ, ಆ ದೊಡ್ಡ ತಟ್ಟೆಯ ಡೈ ನಿಲ್ಲಿಸಿ ಪಾಯಸದ ಬಟ್ಟಲು ಮಾಡಿದ್ರೆ ಎಂತ? ನಮ್ಮ ಕಡೆ ಮದುವೆಗೆ ಪ್ಲಾಸ್ಟಿಕ್ ಲೋಟದಲ್ಲೇ ಪಾಯಸ ಕೊಡುದು." ಇನ್ನೊಬ್ಬರು ತಮ್ಮೂರಿನ ದೇವಸ್ಥಾನದವರ ಹತ್ತಿರ ತಾನೇ ಮಾತಾಡುತ್ತೇನೆ ಅಂದರು. ಹೋದ ಆರ್ಡರ್ ಪೂರ್ತಿ ತುಂಬಿಬಂದಿಲ್ಲ. ಈಗಲೂ ಕಷ್ಟ ಇದೆ. ಆದರೆ ಆ ವರ್ಷ ಒಬ್ಬರೂ ಬಿಟ್ಟು ಹೋಗಲಿಲ್ಲ.

ಹೋಗುವವರು ಹೋಗಲೇಬಾರದು ಅಂತಲೂ ಅಲ್ಲ. ನಮ್ಮದು ಗಲ್ಫಿಗೆ, ಮಂಗಳೂರಿಗೆ, ಬೆಂಗಳೂರಿಗೆ ಮಕ್ಕಳನ್ನು ಕಳಿಸುವ ಊರು. ಹೋಗುತ್ತೇನೆ ಅಂದವರಿಗೆ ಬಾಕಿ ಪೈಸೆ ಪೈಸೆ ಲೆಕ್ಕ ಮಾಡಿ ಕೊಟ್ಟು, ಅನುಭವದ ಪತ್ರ ಬರೆದುಕೊಟ್ಟು ಕಳಿಸಿ. ಉಳಿದವರು ಅದನ್ನು ನೋಡುತ್ತಿರುತ್ತಾರೆ.

ದೊಡ್ಡಕ್ಕ ಆಮೇಲೆ ಬಂದರಾ ಅಂತ ಕೇಳುತ್ತಿದ್ದೀರಿ. ಕೆಲಸಕ್ಕೆ ಬರಲಿಲ್ಲ. ಹೊಸಬರಿಗೆ ಹಾಳೆ ಆರಿಸುವುದನ್ನು ಕಲಿಸಲು ವರ್ಷಕ್ಕೆ ಎರಡು ಸಲ, ನಾಲ್ಕೈದು ದಿನ ಬರುತ್ತಾರೆ. ಬೆರಳಿನಿಂದ ಹಾಳೆಯ ಬೆನ್ನು ಸವರಿ, ಒಳಗೆ ತೇವ ಇದೆಯೋ ಇಲ್ಲವೋ ಹೇಳುತ್ತಾರೆ. ಅಣ್ಣನ ಮಗನೂ ಅವರ ಹತ್ತಿರ ಕೂತೇ ಅದನ್ನು ಕಲಿತ.

ಕೊನೆಗೆ ನಾನು ಬಿಡದೆ ನಡೆಸಿಕೊಂಡು ಬಂದ ಒಂದು ಪದ್ಧತಿ. ಪತ್ತನಾಜೆ ನಿಮಗೆಲ್ಲ ಗೊತ್ತು. ತುಳುವಿನ ಬೇಶ ತಿಂಗಳ ಹತ್ತು, ಮೇ 24ರ ಆಸುಪಾಸು. ಮೇಳಗಳು ಗೆಜ್ಜೆ ಬಿಚ್ಚುವ ದಿನ. ಮುಂದಿನ ವರ್ಷ ಇದೇ ಮೇಳವೋ ಬೇರೆಯೋ ಅಂತ ಕಲಾವಿದರು ಯೋಚಿಸುವ ಹೊತ್ತು. ನಾನು ಪ್ರತಿ ವರ್ಷ ಆ ವಾರ ಮೂವತ್ತು ಜನರ ಹತ್ತಿರವೂ ಒಬ್ಬೊಬ್ಬರಾಗಿ ಕೂರುತ್ತೇನೆ. ಶೆಡ್ಡಿನಲ್ಲಿ ಅಲ್ಲ, ಹಳೆಯ ಅಂಗಳದ ಕಟ್ಟೆಯಲ್ಲಿ, ಚಾ ಇಟ್ಟುಕೊಂಡು. ಈ ವರ್ಷ ನೀವು ಮಾಡಿದ ಯಾವ ಕೆಲಸ ನನ್ನ ಕಣ್ಣಿಗೆ ಬೀಳಲಿಲ್ಲ? ಮುಂದೆ ಏನು ಕಲಿಯಬೇಕು ಅಂತಿದ್ದೀರಿ? ಇಲ್ಲಿಂದ ಹೋಗಬೇಕು ಅಂತ ಯಾವತ್ತಾದರೂ ಅನ್ನಿಸಿತಾ, ಯಾವತ್ತು? ಕೇಳುವುದು ಇಷ್ಟೇ. ಅವರು ಹೇಳುವುದನ್ನು ಬರೆದುಕೊಳ್ಳುತ್ತೇನೆ. ಮಧ್ಯೆ ಮಾತಾಡುವುದಿಲ್ಲ. ಅದು ಕಷ್ಟ.

ಮೊದಲ ವರ್ಷ ನಾನು ಸಂಬಳದ ಮಾತು ಬರಬಹುದು ಅಂತ ತಯಾರಾಗಿ ಕೂತಿದ್ದೆ. ಹನ್ನೊಂದು ಹೆಂಗಸರು ಒಂದೇ ಮಾತು ಹೇಳಿದರು. ಹೆಂಗಸರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಕಾವಲು ನಿಲ್ಲಬೇಕು. ಏಳು ತಿಂಗಳಿನಿಂದ ಹಾಗೇ ಇತ್ತು. ನಾನು ದಿನಕ್ಕೆ ನಾಲ್ಕು ಸಲ ಆ ಬಾಗಿಲ ಎದುರಿನಿಂದಲೇ ಓಡಾಡುತ್ತಿದ್ದೆ. ಅವತ್ತು ಮಧ್ಯಾಹ್ನ ಬದಿಯಡ್ಕ ಪೇಟೆಗೆ ಬಂದು ಎರಡು ಚಿಲಕ ತೆಗೆದುಕೊಂಡು ಹೋದೆ. ಒಂದು ಬಾಗಿಲಿಗೆ. ಇನ್ನೊಂದು ನನ್ನ ಮೇಜಿನ ಮೇಲಿದೆ.